ಸೂತ್ರ ಗೊತ್ತು, ಯಾವುದು ಎಲ್ಲಿಗೆ?

2025ರ ದ್ವಿತೀಯ ಪಿಯುಸಿ ಪರೀಕ್ಷೆ-1ರಲ್ಲಿ ಉಡುಪಿ ಜಿಲ್ಲೆ ಶೇ 93.90 ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲಾಯಿತು. ಹೆಮ್ಮೆಯ ವಿಷಯ. ಆದರೆ ಕಿರಿಮಂಜೇಶ್ವರ, ನಾಗೂರು, ನಾವುಂದದ ಮನೆಗಳಿಂದ ಇಂಜಿನಿಯರಿಂಗ್‌ಗೋ ಬಿಎಸ್ಸಿಗೋ ಹೋಗುವ ಮಕ್ಕಳಿಗೆ ಅಂಕಪಟ್ಟಿಯೊಂದೇ ಸಾಲದು, ಪಿಯುಸಿಯಲ್ಲಿ ಕಲಿತ ಅವಕಲನವೂ (ಡಿಫರೆನ್ಶಿಯೇಷನ್) ಜೊತೆಗಿರಬೇಕು. ಆ ಕೋರ್ಸ್‌ಗಳಲ್ಲಿ ಗಣಿತದ ಪಾಠ ಶುರುವಾಗುವುದೇ ‘ಇದು ನಿಮಗೆ ಗೊತ್ತಿದೆ’ ಎಂಬ ನಂಬಿಕೆಯ ಮೇಲೆ.

ಮಕ್ಕಳಿಗೆ ನಿಯಮ ಗೊತ್ತಿಲ್ಲವೆಂದಲ್ಲ. ಪ್ರಾಡಕ್ಟ್ ರೂಲ್, ಚೈನ್ ರೂಲ್ ಕೇಳಿದರೆ ತಡವರಿಸದೆ ಹೇಳುತ್ತಾರೆ. ಆದರೆ ‘ಎಕ್ಸ್ ಸ್ಕ್ವೇರ್ ಸೈನ್ ಎಕ್ಸ್’ ಕೊಟ್ಟು ನೋಡಿ, ಎರಡನ್ನೂ ಬಿಡಿಬಿಡಿಯಾಗಿ ಅವಕಲಿಸಿ ‘2ಎಕ್ಸ್ ಕಾಸ್ ಎಕ್ಸ್’ ಎಂದು ತಪ್ಪಾಗಿ ಬರೆದುಬಿಡುವವರು ಸಿಗುತ್ತಾರೆ. ‘ಸೈನ್ 3ಎಕ್ಸ್’ ಬಂದರೆ ಉತ್ತರದಲ್ಲಿ ಮುಂದೆ ಬರಬೇಕಾದ 3 ಬಿಟ್ಟುಹೋಗುತ್ತದೆ. ಕಾರಣ ನಮ್ಮ ಅಭ್ಯಾಸದ ಕ್ರಮದಲ್ಲೇ ಇದೆ. ಚೈನ್ ರೂಲ್ ಪಾಠವಾದ ದಿನ ಚೈನ್ ರೂಲಿನ ಲೆಕ್ಕಗಳನ್ನೇ ಕೊಡುತ್ತೇವೆ. ಯಾವ ನಿಯಮ ಹಾಕಬೇಕೆಂದು ಯೋಚಿಸುವ ಕೆಲಸವೇ ಮಗುವಿಗೆ ಉಳಿಯುವುದಿಲ್ಲ. ಎಲ್ಲ ನಿಯಮಗಳೂ ಬೆರೆತಿರುವ, ಅಧ್ಯಾಯದ ಕೊನೆಯ ಮಿಶ್ರ ಅಭ್ಯಾಸಕ್ಕೆ ಬರುವ ಹೊತ್ತಿಗೆ ‘ಇಂಪಾರ್ಟೆಂಟ್ ಪ್ರಶ್ನೆ’ಗಳ ಪಟ್ಟಿ ಕೈಗೆ ಬಂದಿರುತ್ತದೆ.

ಗುಣಲಬ್ಧದ ಅವಕಲನವೆಂದರೆ ಅವಕಲನಗಳ ಗುಣಲಬ್ಧವೇ ಎಂಬ ಪ್ರಶ್ನೆ ಗಣಿತಜ್ಞ ಲೈಬ್ನಿಟ್ಸನಿಗೂ ಎದುರಾಗಿತ್ತು. 1675ರ ನವೆಂಬರಿನ ಟಿಪ್ಪಣಿಯಲ್ಲಿ ಅದನ್ನು ಎತ್ತಿಕೊಂಡು, ಉದಾಹರಣೆ ಹಾಕಿ ನೋಡಿ, ಅಲ್ಲವೆಂದು ಕಂಡುಕೊಂಡ. ನಿಯಮಗಳನ್ನು ಅಚ್ಚಿಗೆ ಕೊಟ್ಟಿದ್ದು 1684ರಲ್ಲಿ. ಉದಾಹರಣೆ ಹಾಕಿ ನೋಡುವ ಆ ಕೆಲಸ ನಮ್ಮ ಮಕ್ಕಳೂ ಮಾಡಬಹುದಾದದ್ದೇ. ಎಕ್ಸ್‌ನ ವರ್ಗವನ್ನು ಎಕ್ಸ್‌ನ ಘನದಿಂದ ಗುಣಿಸಿದರೆ ಎಕ್ಸ್‌ನ ಐದನೇ ಘಾತ. ಅದರ ಅವಕಲನ, ಐದು ಸಲ ಎಕ್ಸ್‌ನ ನಾಲ್ಕನೇ ಘಾತ. ಬಿಡಿಬಿಡಿಯಾಗಿ ಅವಕಲಿಸಿ ಗುಣಿಸಿದರೆ ಬರುವುದು ಆರು ಸಲ ಎಕ್ಸ್‌ನ ಘನ. ಎರಡೂ ತಾಳೆಯಾಗುವುದಿಲ್ಲ. ಪ್ರಾಡಕ್ಟ್ ರೂಲ್ ಪ್ರಕಾರ ಮಾಡಿದರೆ ಎರಡು ಪದ ಕೂಡಿ ಸರಿಯಾಗಿ ಐದು ಸಲ ಎಕ್ಸ್‌ನ ನಾಲ್ಕನೇ ಘಾತವೇ ಬರುತ್ತದೆ. ಎರಡು ನಿಮಿಷದ ಕೆಲಸ. ಒಮ್ಮೆ ಸ್ವಂತ ಕೈಯಿಂದ ಹೀಗೆ ತಾಳೆ ನೋಡಿದ ವಿದ್ಯಾರ್ಥಿ ‘2ಎಕ್ಸ್ ಕಾಸ್ ಎಕ್ಸ್’ ಬರೆಯುವ ಮುನ್ನ ತಡೆದು ಯೋಚಿಸುತ್ತಾನೆ.

ಬೈಂದೂರು, ಕುಂದಾಪುರ ತಾಲೂಕುಗಳ ಗಣಿತ ಉಪನ್ಯಾಸಕರಲ್ಲಿ ನಮ್ಮ ಕೋರಿಕೆ ಇಷ್ಟು: ಪಾಠ ಮುಗಿಯುವ ತನಕ ಕಾಯಬೇಡಿ. ವಾರಕ್ಕೊಂದು ದಿನ, ಯಾವ ನಿಯಮವೆಂದು ಹೇಳದೆ, ಕಲಿತದ್ದನ್ನೆಲ್ಲ ಬೆರೆಸಿ ಐದಾರು ಲೆಕ್ಕ ಕೊಡಿ. ಲೆಕ್ಕ ಮಾಡುವ ಮೊದಲು ‘ಇಲ್ಲಿ ಯಾವ ನಿಯಮ, ಯಾಕೆ?’ ಎಂದು ಒಂದು ಸಾಲು ಬರೆಸಿ. ವಿದ್ಯಾರ್ಥಿಗಳೇ, ಬಿಡಿಸಿಟ್ಟ ಉತ್ತರ ಓದಿ ಅರ್ಥವಾಯಿತೆಂದು ಪುಸ್ತಕ ಮುಚ್ಚಬೇಡಿ. ಗೈಡ್ ಬದಿಗಿಟ್ಟು, ಖಾಲಿ ಹಾಳೆಯಲ್ಲಿ ಅದೇ ಲೆಕ್ಕವನ್ನು ಮೊದಲಿನಿಂದ ಮಾಡಿ. ಮರುದಿನ ಇನ್ನೊಮ್ಮೆ ಮಾಡಿ. ನಿಮ್ಮದಾಗುವುದು ಆ ಹಾಳೆಯ ಮೇಲೆ ನೀವೇ ಬರೆದದ್ದು ಮಾತ್ರ.