ಗಣಕಯಂತ್ರದ ಕಾವಲು

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುಮಾರ್ಗದಲ್ಲಿ ಬೀರೂರು ಒಂದು ಮುಖ್ಯವಾದ ಜಂಕ್ಷನ್. ಇಲ್ಲಿಂದ ಒಂದು ಮಾರ್ಗ ಅಜ್ಜಂಪುರದ ಕಡೆಗೆ ಮುಂದುವರಿದರೆ, ಇನ್ನೊಂದು ತರೀಕೆರೆ, ಭದ್ರಾವತಿಗಳನ್ನು ಹಾದು ಶಿವಮೊಗ್ಗ, ತಾಳಗುಪ್ಪಗಳಿಗೆ ಸಾಗುತ್ತದೆ. ಹಗಲಿರುಳೆನ್ನದೆ ಗಾಡಿಗಳು ಬಂದುಹೋಗುವ ಇಂತಹ ನಿಲ್ದಾಣದಲ್ಲಿ ಪ್ರಯಾಣಿಕರು ನಿಶ್ಚಿಂತೆಯಿಂದ ನಿದ್ರಿಸಬಲ್ಲರಾದರೆ, ಅದಕ್ಕೆ ಯಂತ್ರಗಳಷ್ಟೇ ಕಾರಣವಲ್ಲ. ರೈಲ್ವೆ ನೌಕರರು ದಿನನಿತ್ಯವೂ ತಪ್ಪದೆ ಪಾಲಿಸುವ ಸಣ್ಣ ಸಣ್ಣ ನಿಯಮಗಳೂ ಕಾರಣ.

ಒಂಟಿ ಹಳಿಯ ಮಾರ್ಗಗಳಲ್ಲಿ ಬಹುಕಾಲ ರೂಢಿಯಲ್ಲಿದ್ದ ಟೋಕನ್ ಪದ್ಧತಿಯನ್ನು ನೋಡಬಹುದು. ಎರಡು ನಿಲ್ದಾಣಗಳ ನಡುವೆ ಗಾಡಿ ಹೊರಡಬೇಕಾದರೆ, ಚಾಲಕನ ಕೈಗೆ ಉಕ್ಕಿನ ಗುಂಡಿನಂತಹ ಟೋಕನ್ ಬರಬೇಕು. ಅದು ಆ ಮಾರ್ಗದ್ದೇ ಹೌದೇ ಎಂದು ಪರೀಕ್ಷಿಸಿಯೇ ಆತ ಗಾಡಿಯನ್ನು ಮುಂದಕ್ಕೆ ನಡೆಸಬೇಕು. ದೂರವಾಣಿಯಲ್ಲಿ ಮಾತನಾಡುವ ಸ್ಟೇಷನ್ ಮಾಸ್ತರರು ಮಾತಿನ ಖಾತರಿಗಾಗಿ ಪರಸ್ಪರ ಒಂದು ಗುಪ್ತಸಂಖ್ಯೆಯನ್ನು ಹೇಳುತ್ತಾರೆ; ಒಮ್ಮೆ ಬಳಸಿದ ಸಂಖ್ಯೆಯನ್ನು ಹೊಡೆದುಹಾಕುತ್ತಾರೆ. ಇಂದು ಬ್ಯಾಂಕುಗಳು ಕಳುಹಿಸುವ ಒ.ಟಿ.ಪಿ.ಯ ತತ್ತ್ವವೂ ಇದೇ. ಒಂದು ಸಂಖ್ಯೆ ಒಂದು ಬಾರಿಗೆ ಮಾತ್ರ, ಅದೂ ಸಲ್ಲತಕ್ಕವರಿಗೆ ಮಾತ್ರ.

ಈಗ ಬೀರೂರಿನಂತಹ ಊರುಗಳಲ್ಲಿಯೂ ಗಣಕಯಂತ್ರವಿಲ್ಲದ ಕಚೇರಿ ಅಪರೂಪ. ಪುರಸಭೆ, ನಾಡಕಚೇರಿ, ಬ್ಯಾಂಕು, ಅಡಿಕೆ ಮತ್ತು ಕೊಬ್ಬರಿಯ ಮಂಡಿ, ಎಲ್ಲೆಡೆಯೂ ಜನರ ಹಣ ಮತ್ತು ದಾಖಲೆಗಳು ಅದರಲ್ಲಿಯೇ ಅಡಗಿವೆ. ಸಂಜೆ ಕಚೇರಿಯ ಬಾಗಿಲಿಗೆ ಬೀಗ ಹಾಕಿ, ಎರಡು ಬಾರಿ ಎಳೆದು ನೋಡುವ ನೌಕರನೇ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿರುತ್ತಾನೆ. ಚಹಾ ಕುಡಿಯಲು ಹೋಗುವಾಗ ಯಂತ್ರವನ್ನು ತೆರೆದೇ ಬಿಡುತ್ತಾನೆ. ಕಣ್ಣಿಗೆ ಕಾಣುವ ಬಾಗಿಲಿನ ಬಗ್ಗೆ ಇರುವ ಎಚ್ಚರ, ಕಾಣದ ಬಾಗಿಲಿನ ಬಗ್ಗೆ ಇನ್ನೂ ಮೂಡಿಲ್ಲ.

ಪಾಸ್‌ವರ್ಡ್ ಎಂಬುದು ನೌಕರನ ಸಹಿ ಇದ್ದಂತೆ. ಸಹೋದ್ಯೋಗಿಯ ಮೇಲಿನ ಸ್ನೇಹದಿಂದ ಯಾರೂ ಖಾಲಿ ಕಾಗದಕ್ಕೆ ಸಹಿ ಹಾಕಿ ಕೊಡುವುದಿಲ್ಲ. ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ರೈತರ ಪಹಣಿಗಳನ್ನು ಗಣಕೀಕರಿಸಿದಾಗ ಈ ಸತ್ಯವನ್ನು ಅರಿತೇ, ನೌಕರನ ಬೆರಳಚ್ಚಿನಿಂದ ಯಂತ್ರ ತೆರೆಯುವ ವ್ಯವಸ್ಥೆಯನ್ನು ಅಳವಡಿಸಿತು. ದಾಖಲೆಯನ್ನು ತಿದ್ದಿದವರು ಯಾರೆಂಬುದು ಸ್ಪಷ್ಟವಾಗಿರಬೇಕು ಎಂಬುದೇ ಅದರ ಉದ್ದೇಶ. ಇದರಿಂದ ರೈತನ ಹೊಲಕ್ಕೂ ರಕ್ಷಣೆ, ಪ್ರಾಮಾಣಿಕ ನೌಕರನ ಹೆಸರಿಗೂ ರಕ್ಷಣೆ.

ಯಂತ್ರವನ್ನು ಕಾಲಕಾಲಕ್ಕೆ ನವೀಕರಿಸುವುದು ಎರಡನೆಯ ಅಭ್ಯಾಸ. 2017ರ ಮೇ ತಿಂಗಳಿನಲ್ಲಿ ‘ವನ್ನಾಕ್ರೈ’ ಎಂಬ ಕುತಂತ್ರಾಂಶ ಸುಮಾರು 150 ದೇಶಗಳಲ್ಲಿ ಹರಡಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳು ಕೂಡ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಆದರೆ ಆ ದೋಷವನ್ನು ಸರಿಪಡಿಸುವ ತಂತ್ರಾಂಶವನ್ನು ಮೈಕ್ರೋಸಾಫ್ಟ್ ಸಂಸ್ಥೆ ಅದೇ ವರ್ಷದ ಮಾರ್ಚ್‌ನಲ್ಲಿಯೇ ಒದಗಿಸಿತ್ತು. ‘ನಾಳೆ ಮಾಡಿದರಾಯಿತು’ ಎಂದವರೇ ಹೆಚ್ಚಾಗಿ ತೊಂದರೆಗೆ ಸಿಕ್ಕಿದರು.

ಮೂರನೆಯದು, ಓದುವ ಎಚ್ಚರ. 2016ರ ಫೆಬ್ರವರಿಯಲ್ಲಿ ಕಳ್ಳರು ಬಾಂಗ್ಲಾದೇಶ ಬ್ಯಾಂಕಿನ ಗಣಕಜಾಲದೊಳಗೆ ನುಸುಳಿ, 8 ಕೋಟಿ 10 ಲಕ್ಷ ಡಾಲರುಗಳನ್ನು ದೋಚಿದರು. ಇನ್ನೂ 2 ಕೋಟಿ ಡಾಲರು ಶ್ರೀಲಂಕಾಕ್ಕೆ ಹೋಗುವುದರಲ್ಲಿತ್ತು. ಹಣ ಪಡೆಯಬೇಕಾದ ಸಂಸ್ಥೆಯ ಹೆಸರಿನಲ್ಲಿ ಕಾಗುಣಿತದ ತಪ್ಪು ಕಂಡು ಬ್ಯಾಂಕಿನ ಸಿಬ್ಬಂದಿ ವಿಚಾರಿಸಿದ್ದರಿಂದ ಆ ಹಣ ಉಳಿಯಿತು. ಪರಿಚಿತರ ಹೆಸರಿನಲ್ಲಿ ಬಂದ ಪತ್ರವಾದರೂ, ಹಣ ಅಥವಾ ಗುಪ್ತಸಂಖ್ಯೆಯನ್ನು ಕೇಳಿದರೆ, ಮೊದಲೇ ತಿಳಿದಿರುವ ದೂರವಾಣಿ ಸಂಖ್ಯೆಗೆ ಕರೆಮಾಡಿ ಖಚಿತಪಡಿಸಿಕೊಳ್ಳುವುದೇ ಲೇಸು.

ಕಿಟಕಿಯ ಮುಂದೆ ಜನ ಸಾಲುಗಟ್ಟಿ ನಿಂತಿರುವಾಗ ಇದಕ್ಕೆಲ್ಲ ಸಮಯವೆಲ್ಲಿ ಎಂದು ಕೆಲವರು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅಭ್ಯಾಸವಾದ ಕೆಲಸ ಸಮಯವನ್ನು ಬೇಡುವುದಿಲ್ಲ. ಕೈ ತಾನಾಗಿಯೇ ಅದನ್ನು ಮಾಡುತ್ತದೆ. ಈ ಹೊಣೆಯನ್ನು ಕಿರಿಯ ನೌಕರರ ಮೇಲಷ್ಟೇ ಹೊರಿಸುವುದೂ ನ್ಯಾಯವಲ್ಲ. ಮೇಲಧಿಕಾರಿಯೇ ತನ್ನ ಪಾಸ್‌ವರ್ಡನ್ನು ಗುಮಾಸ್ತನಿಗೆ ಒಪ್ಪಿಸಿ ಮನೆಗೆ ಹೋದರೆ, ಗೋಡೆಯ ಮೇಲಿನ ಸುತ್ತೋಲೆಗೆ ಬೆಲೆಯೇನು?

ಎಲ್ಲಕ್ಕಿಂತ ದೊಡ್ಡ ಶತ್ರು ಭಯ. ಮೋಸದ ಕೊಂಡಿಯನ್ನು ಒತ್ತಿದ ನೌಕರ ಬೈಗುಳಕ್ಕೆ ಅಂಜಿ ಸುಮ್ಮನಿದ್ದುಬಿಟ್ಟರೆ, ಕಳ್ಳನಿಗೆ ಬೇಕಾದ ಅವಕಾಶ ದೊರೆಯುತ್ತದೆ. ಹಣ ಹೋದಾಗ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕೂಡಲೇ ತಿಳಿಸಿದರೆ, ಅದು ಕಳ್ಳನ ಕೈಸೇರುವ ಮುನ್ನ ತಡೆಯುವ ಸಂಭವವುಂಟು. ತಡಮಾಡಿದಷ್ಟೂ ಆ ಆಸೆ ಕ್ಷೀಣಿಸುತ್ತದೆ. ಆದ್ದರಿಂದ ತಪ್ಪನ್ನು ಮೊದಲ ಗಳಿಗೆಯಲ್ಲಿಯೇ ಒಪ್ಪಿಕೊಂಡವನನ್ನು ದಂಡಿಸದೆ ಗೌರವಿಸುವ ಕಚೇರಿಯೇ ನಿಜವಾಗಿ ಸುರಕ್ಷಿತವಾದ ಕಚೇರಿ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಟೋಕನ್ ಇಲ್ಲದೆ ಗಾಡಿಯನ್ನು ಕದಲಿಸದ ಚಾಲಕನಿಗೆ ಸ್ಟೇಷನ್ ಮಾಸ್ತರರ ಮೇಲೆ ಅಪನಂಬಿಕೆಯೇನೂ ಇರಲಿಲ್ಲ. ತನ್ನ ಹಿಂದೆ ಕುಳಿತ ಪ್ರಯಾಣಿಕರ ಮೇಲೆ ಕಾಳಜಿಯಿತ್ತು. ಗಣಕಯಂತ್ರದ ಮುಂದೆ ಕುಳಿತವನ ಹಿಂದೆಯೂ ಅಂತಹ ಜನರಿದ್ದಾರೆ. ಅವರ ಮುಖ ಕಾಣುವುದಿಲ್ಲ, ಅಷ್ಟೆ.