ಅಟ್ಟ ತುಂಬಿತು, ಮನೆ ಬರಿದಾಯಿತು

ಉಡುಪಿ ಪೇಟೆಯಲ್ಲಿ ಅಂಗಡಿ ಇಟ್ಟವರಿಗೆ ಒಂದು ಚದರಡಿ ಜಾಗದ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಆರು ತಿಂಗಳು ಹೋಗದ ಮಾಲು ಶೆಲ್ಫಿನಲ್ಲಿ ಕುಳಿತರೆ ಧಣಿಗಳಿಗೆ ನಿದ್ದೆ ಬರುವುದಿಲ್ಲ. ರೇಟು ಇಳಿಸಿಯಾದರೂ ಸಾಗಹಾಕುತ್ತಾರೆ. ಅದೇ ಧಣಿಗಳು ರಾತ್ರಿ ಶಟರ್ ಎಳೆದು ಮನೆಗೆ ಹೋದರೆ ಅಲ್ಲಿ ಕಾಣುವುದೇನು? ಹತ್ತು ವರ್ಷದಿಂದ ಕೈ ಮುಟ್ಟದ ಮಿಕ್ಸಿ, ಕಾಲು ಮುರಿದ ಕುರ್ಚಿ, ಸ್ವರವೇ ಬಾರದ ರೇಡಿಯೋ, ಒಂದರೊಳಗೊಂದು ತುರುಕಿಟ್ಟ ತೊಟ್ಟೆಗಳು. ಕೇಳಿದರೆ ಉತ್ತರ ಒಂದೇ: "ಇರಲಿ ಮಾರಾಯ್ರೆ, ಯಾವತ್ತಾದರೂ ಬೇಕಾದೀತು!"

ಬೇಕಾಗುವ ದಿನ ಬರುವುದಿಲ್ಲ. ಬಂದರೂ ಆ ರಾಶಿಯಲ್ಲಿ ಸಾಮಾನು ಸಿಗುವುದಿಲ್ಲ. ಪೇಟೆಗೆ ಹೋಗಿ ಹೊಸತೇ ತರಬೇಕಾಗುತ್ತದೆ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಇಡಬೇಕಾದದ್ದು ಹೋಗಿ, ಹೋಗಬೇಕಾದದ್ದು ಮನೆಯಲ್ಲೇ ಉಳಿದಿದೆ. ಗೀಸರ್ ಬಂದ ವರ್ಷ ಬಚ್ಚಲಿನ ತಾಮ್ರದ ಹಂಡೆ ಗುಜರಿಯವನ ತಕ್ಕಡಿ ಏರಿತು. ದೀಪಾವಳಿಯ ನೀರು ತುಂಬುವ ದಿನ ಪ್ಲಾಸ್ಟಿಕ್ ಬಕೆಟ್ಟಿಗೆ ಹೂ ಸುತ್ತುವ ಮನೆಗಳಿವೆ. ಬಿರುಕು ಬಿಟ್ಟ ಹಳೇ ಬಕೆಟ್ಟುಗಳು ಮಾತ್ರ ಹಿತ್ತಲಲ್ಲಿ ಭದ್ರ!

ಹೀಗೆ ಒಳ್ಳೆಯದೇ ತೂಕಕ್ಕೆ ಹೋಗುವುದನ್ನು ಕಂಡು ಮರುಗಿದವರು ಮಣಿಪಾಲದ ವಿಜಯನಾಥ ಶೆಣೈ. ಸಿಂಡಿಕೇಟ್ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವರು. ಹಳೇ ಮನೆಗಳು ಬೀಳುವಲ್ಲಿಗೆ ಹೋಗಿ ಕೆತ್ತನೆಯ ಕಂಬ, ದಾರಂದ, ಬಾಗಿಲು, ಪಾತ್ರೆಗಳನ್ನು ತಂದರು. ಮೊದಲು ಹಸ್ತಶಿಲ್ಪ ಎಂಬ ಮನೆ, ಆಮೇಲೆ ಹೆರಿಟೇಜ್ ವಿಲೇಜ್ ಕಟ್ಟಿದರು. ಕಾಪು ಕಡೆಯ ಕುಂಜೂರಿನ ಚೌಕಿಮನೆ, ಕಾರ್ಕಳ ಕಡೆಯ ಮಿಯ್ಯಾರಿನ ಮನೆ ಅಲ್ಲಿ ಮತ್ತೆ ಎದ್ದು ನಿಂತಿವೆ. ಶೆಣೈಯವರು 2017ರಲ್ಲಿ ತೀರಿಕೊಂಡರು. ಅಷ್ಟೆಲ್ಲ ಕೂಡಿಟ್ಟವರನ್ನು ಯಾರೂ ಗುಜರಿ ತುಂಬಿಸಿದವರು ಎನ್ನಲಿಲ್ಲ. ಯಾಕೆಂದರೆ ಯಾವುದನ್ನು ಯಾಕೆ ಇಟ್ಟದ್ದು ಎಂದು ಅವರಿಗೆ ಗೊತ್ತಿತ್ತು. ಅಟ್ಟ ತುಂಬಿಸುವವರಿಗೆ ಗೊತ್ತಿಲ್ಲದ್ದು ಅದೊಂದೇ.

ಗೊತ್ತಿಲ್ಲದ್ದರ ಪೆಟ್ಟು ಬೀಳುವುದು ಮಕ್ಕಳ ಮೇಲೆ. ಕಾಪು, ಕಾರ್ಕಳದ ಎಷ್ಟೋ ದೊಡ್ಡ ಮನೆಗಳಲ್ಲಿ ಈಗ ಇರುವುದು ವಯಸ್ಸಾದವರು ಇಬ್ಬರೇ. ಮಕ್ಕಳು ಮುಂಬೈ, ಬೆಂಗಳೂರು, ದುಬೈಗಳಲ್ಲಿ. ಹಿರಿಯರು ತೀರಿಕೊಂಡರೆ ಉತ್ತರಕ್ರಿಯೆ ಮುಗಿಸಿ, ಉಳಿದ ನಾಲ್ಕು ದಿನದ ರಜೆಯಲ್ಲಿ ಮನೆ ಖಾಲಿ ಮಾಡಬೇಕು. ಯಾವುದು ಅಮ್ಮನ ಮದುವೆಯ ಚೊಂಬು, ಯಾವುದು ಜಾತ್ರೆಯಲ್ಲಿ ತಂದದ್ದು ಎಂದು ಹೇಳುವವರಿಲ್ಲ. ಹಳೇ ಕರೆಂಟ್ ಬಿಲ್ಲು, ಕ್ಯಾಲೆಂಡರುಗಳ ಕಟ್ಟಿನ ನಡುವೆ 1974ರ ಭೂಸುಧಾರಣೆಯ ಡಿಕ್ಲರೇಶನ್ ಕಾಗದವೋ, ಭೂನ್ಯಾಯಮಂಡಳಿಯ ಆದೇಶವೋ ಇದ್ದರೆ ಅದೂ ಗೋಣಿ ಸೇರುತ್ತದೆ. ಅಜ್ಜ ಗೇಣಿ ಕೊಟ್ಟು, ಕೋರ್ಟು ಕಚೇರಿ ಅಲೆದು ಪಡೆದ ಭೂಮಿಯ ದಾಖಲೆ ಕಿಲೋ ಲೆಕ್ಕದಲ್ಲಿ ಹೋದ ಮೇಲೆ ಮೊಮ್ಮಕ್ಕಳು ತಾಲೂಕು ಕಚೇರಿಯಲ್ಲಿ ನಿಂತು ಅತ್ತು ಏನು ಪ್ರಯೋಜನ?

ಹಿತ್ತಲಿನ ರಾಶಿಯದ್ದು ಬೇರೆಯೇ ಪೆಟ್ಟು. ಜೂನ್ ಬಂತೆಂದರೆ ಒಡೆದ ಬಕೆಟ್, ಟಯರು, ಗೆರಟೆ, ಅಡಕೆ ಹಾಳೆಗಳಲ್ಲಿ ನೀರು ನಿಲ್ಲುತ್ತದೆ. ಡೆಂಗ್ಯೂ ಹರಡುವ ಸೊಳ್ಳೆಗೆ ಅಂಗೈಯಷ್ಟು ನೀರು ಸಾಕು. ವಾರ, ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. ನೀರು ಒಣಗಿದರೂ ಅಂಚಿಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಬದುಕುತ್ತದೆ. ಹಾಗಾಗಿ ನೀರು ಚೆಲ್ಲಿದರೆ ಮಾತ್ರ ಸಾಲದು, ಉಜ್ಜಿ ತೊಳೆಯಬೇಕು. ಅದಕ್ಕಿಂತ ಆ ಬಕೆಟ್ಟನ್ನೇ ಕಳಿಸುವುದು ಸುಲಭ. ಮೂವತ್ತು ರೂಪಾಯಿಯ ಹಳೇ ಬಕೆಟ್ ಉಳಿಸಲು ಹೋಗಿ ಆಸ್ಪತ್ರೆಗೆ ಸಾವಿರಗಟ್ಟಲೆ ಕೊಡುವುದು ಯಾವ ವ್ಯಾಪಾರ?

ಮದ್ದು ಕಷ್ಟದ್ದಲ್ಲ. ಕಾರ್ಕಳ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಗೊತ್ತು, ಇಳಿಯುವವರು ಇಳಿಯದೆ ಹತ್ತುವವರನ್ನೇ ತುಂಬಿಸಿದರೆ ಬಸ್ಸು ಎಲ್ಲಿಗೆ ಮುಟ್ಟೀತು ಎಂದು. ಮನೆಗೂ ಅದೇ ಲೆಕ್ಕ. ಹೊಸ ಸ್ಟೌ ಬಂದ ದಿನವೇ ಹಳೇ ಸ್ಟೌ ಇಳಿಯಬೇಕು. 'ಒಂದು ಕೊಂಡರೆ ಒಂದು ಫ್ರೀ' ಎಂಬ ಬೋರ್ಡು ಕಂಡಾಗ, ಆ ಫ್ರೀ ಸಾಮಾನನ್ನು ಎಲ್ಲಿ ಇಡುವುದು ಎಂದು ಒಮ್ಮೆ ಕೇಳಿಕೊಳ್ಳಬೇಕು. ಧಣಿಗಳೂ ಗಿರಾಕಿಯ ಕೈಯಲ್ಲಿ ಚೀಲ ಇರುವಾಗ ಮತ್ತೊಂದು ತೊಟ್ಟೆ ಕೊಡದಿದ್ದರೆ ಅರ್ಧ ಪುಣ್ಯ ಅವರಿಗೇ. ಪ್ಲಾಸ್ಟಿಕ್ ತೊಟ್ಟೆಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ ಎಂಬುದು ಬೇರೆ ಮಾತು.

ಅಂಗಡಿಯಲ್ಲಿ ವರ್ಷಕ್ಕೊಮ್ಮೆ ಸ್ಟಾಕ್ ತೆಗೆಯುವ ಹಾಗೆ ಮನೆಯಲ್ಲೂ ತೆಗೆಯಲಿ. ಮಕ್ಕಳು ಊರಿಗೆ ಬರುವ ಮೇ ತಿಂಗಳೇ ಅದಕ್ಕೆ ಸರಿ. ಮಳೆಯೂ ಹಿಡಿದಿರುವುದಿಲ್ಲ. ಕಾಗದಪತ್ರ ಎಲ್ಲ ಒಂದೇ ಪೆಟ್ಟಿಗೆಗೆ. ಉಪಯೋಗಕ್ಕೆ ಬರುವುದು ಬೇಕಾದವರ ಮನೆಗೆ. ಕೆಟ್ಟದ್ದು ಗುಜರಿಗೆ. ಉಳಿದ ಒಣಕಸವನ್ನು ತೋಡಿಗೆ ಎಸೆಯದೆ, ಸುಡದೆ ಪಂಚಾಯತ್ ಗಾಡಿಗೆ ಕೊಡಲಿ. ಅದನ್ನು ಬೇರ್ಪಡಿಸಲು ನಿಟ್ಟೆಯಲ್ಲಿ ದೊಡ್ಡ ಘಟಕವೇ ಇದೆ.

ಒಂದು ಮಾತು ಮಾತ್ರ ಮರೆಯಬಾರದು. ಅಜ್ಜಿಯನ್ನು ಒಳಗೆ ಕೂರಿಸಿ ಅಟ್ಟ ಖಾಲಿ ಮಾಡುವುದಲ್ಲ. ಚಾವಡಿಯಲ್ಲಿ ಕುರ್ಚಿ ಹಾಕಿ ಅವರನ್ನೇ ಎದುರು ಕೂರಿಸಿ, ಒಂದೊಂದೇ ಸಾಮಾನು ತೋರಿಸಿ ಕೇಳಬೇಕು. ಯಾವುದು ಯಾರಿಗೆ ಎಂದು ಅವರೇ ಹೇಳಲಿ. ಬಾಯಿಬಿಟ್ಟು ಹೇಳುವವರು ಇರುವಾಗಲೇ ಈ ಕೆಲಸ ಆಗಬೇಕು.