ಮಣ್ಣಿನ ಗುಡಾಣದ ದ್ರಾಕ್ಷಾರಸ

ಸಂಸಾರವಂದಿಗರ ಪತ್ರಿಕೆಯಲ್ಲಿ ಮದ್ಯದ ಪ್ರಸ್ತಾಪವೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಕುಡಿಯಿರೆಂದು ನಾವು ಬರೆಯುತ್ತಿಲ್ಲ. ಪರದೇಶಕ್ಕೆ ಹೋದವರ ಮುಂದೆ ಬಟ್ಟಲು ಬಂದೇ ಬರುವುದರಿಂದ ಬರೆಯುತ್ತಿರುವೆವು.

ಕಾಕಸಸ್ ಪರ್ವತಗಳ ತಪ್ಪಲಿನ ಜಾರ್ಜಿಯಾ ದೇಶದಲ್ಲಿ ಕಾಖೇತಿಯೆಂಬ ಸೀಮೆಯುಂಟು. ಅಲ್ಲಿಯ ಒಕ್ಕಲು ಮನೆಯೊಂದರ 'ಮರಾನಿ'ಯಲ್ಲಿ, ಎಂದರೆ ದ್ರಾಕ್ಷಾರಸದ ಕೋಣೆಯಲ್ಲಿ, ನಮಗೆ ಕಂಡುದು ಪೀಪಾಯಿಗಳಲ್ಲ; ನೆಲದಲ್ಲಿ ಬರಿಯ ದುಂಡು ಬಾಯಿಗಳು. ನಮ್ಮ ಬಯಲುಸೀಮೆಯ ಹಗೇವು ನೆನಪಾಯಿತು. ಹಗೇವಿನಲ್ಲಿ ಧಾನ್ಯ, ಇಲ್ಲಿ ಹೂತಿರುವುದು ಮೊಟ್ಟೆಯಾಕಾರದ ಮಣ್ಣಿನ ಗುಡಾಣ. ಅದನ್ನು ಕ್ವೆವ್ರಿ ಎನ್ನುವರು. ಒಳಮೈಗೆ ಜೇನುಮೇಣ ಬಳಿದು, ತುಳಿದ ದ್ರಾಕ್ಷಿಯ ರಸವನ್ನು ಸಿಪ್ಪೆ, ಬೀಜ, ತೊಟ್ಟುಗಳ ಸಹಿತವಾಗಿಯೇ ತುಂಬಿ, ಹುದುಗು ಅಡಗಿದ ಮೇಲೆ ಬಾಯಿ ಮುಚ್ಚಿ ಐದಾರು ತಿಂಗಳು ಬಿಡುವರು. ಉಳಿದ ಕೆಲಸ ಭೂಮಿಯ ತಂಪಿನದು. ಬಿಳಿಯ ದ್ರಾಕ್ಷಿಯ ರಸವೂ ಸಿಪ್ಪೆಯ ಸಹವಾಸದಿಂದ ಜೇನಿನ ಬಣ್ಣಕ್ಕೆ ತಿರುಗುವುದು. ನಾಲಗೆಗೆ ಚಹದ ಕಷಾಯದಂಥ ಒಗರು. ಮೊದಲ ಗುಟುಕು ನಮಗೆ ರುಚಿಸಲಿಲ್ಲ. ಎರಡನೆಯದು ವಾಸಿ.

ಟಿಬಿಲಿಸಿ ನಗರದ ದಕ್ಷಿಣಕ್ಕೆ ದೊರೆತ ಸುಮಾರು 8000 ವರ್ಷಗಳ ಹಿಂದಿನ ಮಡಕೆಚೂರುಗಳಲ್ಲಿ ದ್ರಾಕ್ಷಾರಸದ ಕುರುಹುಗಳಿರುವುದನ್ನು ವಿದ್ವಾಂಸರು 2017ರಲ್ಲಿ ಪ್ರಕಟಿಸಿದರು. ಗುಡಾಣದ ಈ ವಿಧಾನವನ್ನು ಯುನೆಸ್ಕೋ ಸಂಸ್ಥೆಯು 2013ರಲ್ಲಿಯೇ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತ್ತು.

ಪ್ರವಾಸಿಗಳಿಗೆಂದು ತೆರೆದ ತಯಾರಿಕೆಯ ಮನೆಗಳಲ್ಲಿ ಗುಟುಕನ್ನು ಬಾಯಲ್ಲಾಡಿಸಿ ಉಗುಳಿದರೂ ತಪ್ಪೆಣಿಸರು, ಅದಕ್ಕೆಂದೇ ಪಾತ್ರೆಯಿರುವುದು. ಮನೆಯ ಪಂಕ್ತಿಯ ರೀತಿ ಬೇರೆ. ಅಲ್ಲಿ 'ತಮಾದಾ' ಎಂಬ ಪಂಕ್ತಿಯ ಹಿರಿಯನು ದೇವರಿಗೆ, ನಾಡಿಗೆ, ಅಗಲಿದವರಿಗೆ ಎಂದು ಒಂದೊಂದು ಮಾತು ಹೇಳಿ ಬಟ್ಟಲೆತ್ತುವನು. ನಮ್ಮ ಜತೆಗಾರರೊಬ್ಬರು ತಾಯಿಯ ಮರಣಕಾಲದಲ್ಲಿ, ಮದ್ಯ ಮುಟ್ಟೆನೆಂದು ಆಕೆಗೆ ಮಾತು ಕೊಟ್ಟಿದ್ದವರು. ಬಟ್ಟಲು ತುಂಬುವ ಮೊದಲೇ ಹೇಳಬೇಕಾಗಿತ್ತು, ಸಂಕೋಚದಿಂದ ಹೇಳಲಿಲ್ಲ. ಅಗಲಿದವರ ಸರದಿ ಬಂತು. ಎಲ್ಲರೂ ಎದ್ದು ಬಟ್ಟಲೆತ್ತಿದರು. ಇವರ ಬಟ್ಟಲು ಮಾತ್ರ ಮಣೆಯ ಮೇಲೆಯೇ ಉಳಿಯಿತು. ಯಜಮಾನನ ಮುಖ ಕಪ್ಪಿಟ್ಟಿತು. ಆಗ ಇವರು ದುಭಾಷಿಯ ಮೂಲಕ ಇದ್ದ ವಿಷಯವನ್ನು ತಿಳಿಸಿದರು. ಆತನು ಕ್ಷಣಕಾಲ ಸುಮ್ಮನಿದ್ದು, ಆ ಬಟ್ಟಲನ್ನು ತಾನೇ ತೆಗೆದಿರಿಸಿ, ತಾಯಿಯ ಹೆಸರೇನೆಂದು ಕೇಳಿದನು. ಮುಂದಿನ ಬಟ್ಟಲು ಆ ಹೆಸರಿಗೇ ಏರಿತು. ನಮ್ಮ ಜತೆಗಾರರು ನೀರಿನ ಲೋಟವನ್ನೆತ್ತಿದರು.

ಹೊರಡುವಾಗ ಮನೆಯಾಕೆ ಚುರ್ಚ್‌ಖೇಲಾ ಎಂಬ ತಿಂಡಿಯನ್ನು ಕಟ್ಟಿಕೊಟ್ಟಳು. ದಾರಕ್ಕೆ ಪೋಣಿಸಿದ ಅಕ್ರೋಟನ್ನು, ಹಿಟ್ಟು ಕದಡಿ ಗಟ್ಟಿಯಾಗಿ ಕಾಯಿಸಿದ ದ್ರಾಕ್ಷಿಯ ಹಸಿರಸದಲ್ಲಿ ಅದ್ದಿ ಒಣಗಿಸಿದುದು. ಮದ್ಯದ ಸೋಂಕಿಲ್ಲ, ಮಕ್ಕಳಿಗೆ ತರಲು ತಕ್ಕುದು.